ನಡುವಿನ ಪುಸ್ತಕದ ಪರವಾಗಿ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಟೋಲ್ಕೀನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೊದಲ ಭಾಗದ ಬಗ್ಗೆ ಮಾತಾಡುವಾಗ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಬೆಂಚು ತರಿಸಿದ್ದೆವು. ಇವತ್ತು ಹಿಂದಿನ ಎರಡು ಸಾಲು ಖಾಲಿ ಇವೆ. ಮುಂದಿನ ತಿಂಗಳು ಮೂರನೇ ಭಾಗಕ್ಕೆ ಮತ್ತೆ ತುಂಬುತ್ತವೆ, ನನಗೆ ಗೊತ್ತು. ಹೋದ ಸಲ ಕಾಫಿ ಕುಡಿಯುವಾಗ ಒಬ್ಬರು ಹೇಳಿದರು, ‘ಎರಡನೇದು ಸೇತುವೆ ಇದ್ದ ಹಾಗೆ ಸಾರ್, ದಾಟಿದರೆ ಆಯ್ತು.’ ಅವರು ಇವತ್ತೂ ಬಂದಿದ್ದಾರೆ, ಬಹಳ ಸಂತೋಷ. ಆ ಮಾತು ಒಂದು ತಿಂಗಳಿಂದ ನನ್ನನ್ನು ಬಿಟ್ಟಿಲ್ಲ. ಇವತ್ತು ಮಾತಾಡೋಕೆ ನಾನು ಒಪ್ಪಿಕೊಂಡಿದ್ದೇ ಅದಕ್ಕೆ. ನನಗೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅಂದರೆ ಮೊದಲು ಈ ಎರಡನೇ ಭಾಗ, ‘ದಿ ಟೂ ಟವರ್ಸ್’. ಆಮೇಲೆ ಉಳಿದ ಎರಡು.

ಇದಕ್ಕೊಂದು ಕಾರಣ ಇದೆ. ನಾನು ಓದಿದ್ದೇ ಎರಡನೇದನ್ನು ಮೊದಲು.

1987. ಪಿಯುಸಿಗೆ ಅಂತ ಬೆಂಗಳೂರಿಗೆ ಬಂದಿದ್ದೆ. ಒಂದು ಭಾನುವಾರ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ರಟ್ಟು ಇರಲಿಲ್ಲ. ಮುಂದಿನ ನಾಲ್ಕೈದು ಹಾಳೆ ಕಿತ್ತುಹೋಗಿದ್ದವು. ಹನ್ನೆರಡು ರೂಪಾಯಿ ಅಂದರು, ಎಂಟಕ್ಕೆ ಕೊಟ್ಟರು. ‘ಇದು ಎರಡನೇ ಭಾಗ, ಮೊದಲಿನದರಲ್ಲಿ ಹೀಗೆ ಹೀಗೆ ಆಯಿತು’ ಅಂತ ಹೇಳುವ ಪುಟ ಆ ಹರಿದ ಹಾಳೆಗಳಲ್ಲಿ ಹೋಗಿತ್ತು. ಹಾಗಾಗಿ ನನಗೆ ಕಥೆ ಶುರುವಾಗಿದ್ದೇ ಆರಾಗಾರ್ನ್ ಬೆಟ್ಟ ಹತ್ತಿ ಓಡುವಲ್ಲಿಂದ. ಯಾರವನು? ಯಾಕೆ ಓಡುತ್ತಾನೆ? ಗೊತ್ತಿಲ್ಲ. ಎರಡು ಮೂರು ಪುಟ ಆಗುವಷ್ಟರಲ್ಲಿ ಮೈತುಂಬ ಬಾಣ ನೆಟ್ಟ ಒಬ್ಬ ಮನುಷ್ಯ ಮರಕ್ಕೆ ಒರಗಿ ಕೂತಿದ್ದಾನೆ. ಫ್ರೋಡೊನಿಂದ ಉಂಗುರ ಕಿತ್ತುಕೊಳ್ಳೋಕೆ ನೋಡಿದೆ, ಅದಕ್ಕೆ ಬೆಲೆ ತೆತ್ತೆ ಅನ್ನುತ್ತಾನೆ, ಸಾಯುತ್ತಾನೆ. ಆ ಬೋರೊಮಿರ್ ಯಾರು, ಯಾವ ಉಂಗುರ, ಯಾರು ಫ್ರೋಡೊ ಅಂತ ನಿಮಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ಆದರೂ ಹಾಸ್ಟೆಲಿನ ಮಂಚದ ಮೇಲೆ ಕೂತು ಅತ್ತೆ. ಹೆಸರು ಗೊತ್ತಾಗಿ ಹತ್ತು ನಿಮಿಷ ಆಗಿರಲಿಲ್ಲ, ಆ ಮನುಷ್ಯನಿಗಾಗಿ ಅತ್ತೆ.

ಕ್ರಿಸ್‌ಮಸ್ ರಜೆಗೆ ಊರಿಗೆ ಹೋದಾಗ ಪುಸ್ತಕ ಬ್ಯಾಗಿನಲ್ಲಿತ್ತು. ನಮ್ಮ ಅಜ್ಜಿಗೆ ಓದು ಬರಹ ಇರಲಿಲ್ಲ, ಆದರೆ ಕಥೆ ಅಂದರೆ ಪ್ರಾಣ. ಭಾರತ ಪೂರ್ತಿ ಬಾಯಲ್ಲಿತ್ತು. ಅದು ಅವರೆಕಾಯಿ ಕಾಲ. ಸಂಜೆ ನೆನೆದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿದುಕುತ್ತಾ ಕೂರುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಒತ್ತು, ಬೇಳೆ ಪುಳಕ್ಕಂತ ಆಚೆ ಬರೋದು, ಸಿಪ್ಪೆ ಕೈಯಲ್ಲೇ ಉಳಿಯೋದು. ‘ಸುಮ್ನೆ ಕೂತಿದ್ದೀಯಲ್ಲ, ಏನಾದ್ರೂ ಹೇಳು’ ಅಂದರು. ಹೇಳೋಕೆ ಶುರು ಮಾಡಿದೆ. ದಿನಕ್ಕೆ ಒಂದು ಅಧ್ಯಾಯ. ಹೆಸರುಗಳು ಅಜ್ಜಿಯ ನಾಲಿಗೆಗೆ ಹತ್ತಲಿಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ‘ಮುದುಕಪ್ಪ’ ಆದ. ಉಂಗುರ ನಾಶ ಮಾಡೋಕೆ ಶತ್ರುವಿನ ನಾಡು ಮೊರ್ಡೊರಿಗೆ ಹೊರಟ ಫ್ರೋಡೊ, ಸ್ಯಾಮ್ ‘ಆ ಎರಡು ಹೈಕ್ಳು’. ಅವರಿಗೆ ದಾರಿ ತೋರಿಸುವ ಗೊಲ್ಲಮ್ ‘ಆ ಪೀಚಲು’. ಹೆಲ್ಮ್ಸ್ ಡೀಪಿನ ಯುದ್ಧ ಹೇಳಿದ ದಿನ ಅಡುಗೆ ತಡವಾಗಿ ಎಲ್ಲರೂ ನನ್ನ ಮೇಲೆ ರೇಗಿದರು.

ನಿಮಗೆ ಪುಸ್ತಕದ ಕಟ್ಟು ನೆನಪಿದೆ ಅಲ್ವಾ? ಮೊದಲರ್ಧದಲ್ಲಿ ಹನ್ನೊಂದು ಅಧ್ಯಾಯ. ಅಲ್ಲಿ ಆರಾಗಾರ್ನ್, ಲೆಗೊಲಾಸ್, ಗಿಮ್ಲಿ, ಮೆರ್ರಿ, ಪಿಪ್ಪಿನ್ ಇದ್ದಾರೆ. ಫ್ರೋಡೊನ ಮುಖವೇ ಕಾಣೋದಿಲ್ಲ. ಎರಡನೇ ಅರ್ಧದಲ್ಲಿ ಹತ್ತು ಅಧ್ಯಾಯ. ಅಲ್ಲಿ ಬರೀ ಫ್ರೋಡೊ, ಸ್ಯಾಮ್, ಗೊಲ್ಲಮ್. ಆ ಕಡೆಯವರು ಈ ಕಡೆಗೆ ಇಲ್ಲ. ಮೊದಲ ಭಾಗದಲ್ಲಿ ಸತ್ತ ಅಂದುಕೊಂಡಿದ್ದ ಗ್ಯಾಂಡಾಲ್ಫ್ ಬದುಕಿ ಬಂದದ್ದು ಈ ಮೊದಲರ್ಧದಲ್ಲಿ ನಮಗೆ ಗೊತ್ತಾಗುತ್ತದೆ. ಎರಡನೇ ಅರ್ಧದಲ್ಲಿ ಬೋರೊಮಿರ್‌ನ ತಮ್ಮ ಫಾರಾಮಿರ್ ಫ್ರೋಡೊನನ್ನು ಕೇಳುತ್ತಾನೆ, ಅಂಥ ಶಕ್ತಿ ಇದ್ದವನು ನಿಜವಾಗಿ ಸತ್ತನೇ, ಅಥವಾ ನಿಮ್ಮನ್ನು ಬಿಟ್ಟು ಬೇರೆಲ್ಲಾದರೂ ಹೋದನೇ? ಫ್ರೋಡೊ ಅನ್ನುತ್ತಾನೆ, ಇಲ್ಲ, ಅವನು ಪಾತಾಳಕ್ಕೆ ಬೀಳೋದನ್ನು ನಾನೇ ನೋಡಿದೆ.

ಇದನ್ನು ಹೇಳಿದಾಗ ಅಜ್ಜಿಯ ಕೈ ನಿಂತಿತು. ‘ಅಯ್ಯೋ, ಬದುಕವ್ನಲ್ಲೋ!’ ಅಂದರು. ‘ಆ ಹೈಕ್ಳಿಗೆ ಯಾರಾದ್ರೂ ಒಬ್ರು ಹೋಗಿ ಹೇಳ್ಬಾರ್ದಾ?’ ಯಾರೂ ಇಲ್ಲ ಅಜ್ಜಿ ಅಂದೆ. ‘ಅರ್ಜುನ ಇಂದ್ರನ ಊರಿಗೆ ಹೋದಾಗ ಕಾಡಲ್ಲಿದ್ದ ಧರ್ಮರಾಯನಿಗೆ ಹಿಂಗೇ ಸಂಕಟ ಆಗಿತ್ತು ಕಣೋ. ಆಗ ರೋಮಶ ಋಷಿ ಬಂದು ನಿನ್ನ ತಮ್ಮ ಸುಖವಾಗವ್ನೆ ಅಂತ ಹೇಳ್ತಾನೆ. ನಿಮ್ ಕಥೇಲಿ ಒಬ್ಬ ಋಷೀನೂ ಇಲ್ವಾ?’

ಅವತ್ತಿಂದ ನಾನು ಈ ಪುಸ್ತಕವನ್ನು ಎಷ್ಟು ಸಲ ಓದಿದರೂ ಅಜ್ಜಿಯ ಆ ಸಂಕಟದ ಒಳಗಿಂದಲೇ ಓದುತ್ತೇನೆ. ನಡುವೆ ಇರುವವರಿಗೆ ಕೊನೆ ಗೊತ್ತಿಲ್ಲ. ಅಷ್ಟೇ ಅಲ್ಲ, ಪಕ್ಕದಲ್ಲಿ ಏನಾಗುತ್ತಿದೆ ಅಂತಲೂ ಗೊತ್ತಿಲ್ಲ. ಮೊದಲ ಭಾಗದಲ್ಲಿ ಒಂಬತ್ತು ಜನ ಜೊತೆಗಿದ್ದರು. ಮೂರನೇದರಲ್ಲಿ ಕೊನೆ ಕಣ್ಣೆದುರು ಇರುತ್ತದೆ. ಇಲ್ಲಿ ಮಾತ್ರ ಎಲ್ಲರೂ ಸುದ್ದಿ ಇಲ್ಲದೆ, ಸಾಕ್ಷಿ ಇಲ್ಲದೆ, ತಂತಮ್ಮ ಕೆಲಸ ಮಾಡುತ್ತಾರೆ. ಸೇತುವೆ ಅಂದವರಿಗೆ ನನ್ನ ಉತ್ತರ ಇದೇ. ದಾಟುವವರಿಗೆ ಆಚೆ ದಡ ಕಾಣದೇ ಇರುವಾಗ ಅದನ್ನು ಸೇತುವೆ ಅಂತ ಹೇಗೆ ಕರೆಯೋದು?

ಪೀಟರ್ ಜಾಕ್ಸನ್ ಅವರ 2002ರ ಸಿನಿಮಾ ನನಗೂ ಇಷ್ಟ. ರೋಹನ್ನಿನ ಆ ಬಯಲು, ಆ ಪಿಟೀಲು, ಮರೆಯೋಕೆ ಆಗಲ್ಲ. ಆದರೆ ಸಿನಿಮಾ ಎರಡೂ ಕಥೆಯನ್ನು ಜಡೆ ಹೆಣೆದ ಹಾಗೆ ಹೆಣೆಯುತ್ತದೆ. ಇಲ್ಲೊಂದು ದೃಶ್ಯ, ಅಲ್ಲೊಂದು ದೃಶ್ಯ. ನೋಡುವವರು ಇಬ್ಬರ ಜೊತೆಗೂ ಇರುತ್ತಾರೆ. ಟೋಲ್ಕೀನ್ ಹಾಗೆ ಮಾಡಲಿಲ್ಲ. ಫ್ರೋಡೊನನ್ನು ಹನ್ನೊಂದು ಅಧ್ಯಾಯ ಬಚ್ಚಿಟ್ಟರು. ಅವನಿಗೇನಾಯಿತೋ ಅನ್ನೋ ಚಿಂತೆ ಓದುಗನ ಹೊಟ್ಟೆಯಲ್ಲೂ ಇರಲಿ ಅಂತ.

ಋಷಿ ಇಲ್ಲ ಅಂದೆ. ಆದರೆ ಒಂದೇ ಒಂದು ಕಡೆ ಗೋಡೆಯಲ್ಲಿ ಸಣ್ಣ ಬಿರುಕು ಇದೆ. ಎಷ್ಟು ಜನ ಗಮನಿಸಿದ್ದೀರೋ, ಗೊತ್ತಿಲ್ಲ. ಮೊರ್ಡೊರಿನ ಕಪ್ಪು ಬಾಗಿಲು ಮುಚ್ಚಿದೆ. ಮುಂದೆ ದಾರಿ ಇಲ್ಲ. ಫ್ರೋಡೊ ಗುಂಡಿಯೊಳಗೆ ಕೂತು, ಗ್ಯಾಂಡಾಲ್ಫ್ ಇದ್ದಿದ್ದರೆ ಏನು ಹೇಳುತ್ತಿದ್ದನೋ ಅಂತ ಯೋಚಿಸುತ್ತಿದ್ದಾನೆ. ಆಗ ಕಥೆ ಹೇಳುವವನು ತಾನೇ ನಡುವೆ ಬಂದು ಹೇಳುತ್ತಾನೆ: ಅದೇ ಹೊತ್ತಿಗೆ, ಬಹಳ ದೂರದಲ್ಲಿ, ಒರ್ಥಾಂಕ್ ಗೋಪುರದ ಮೆಟ್ಟಿಲ ಮೇಲೆ ದ್ರೋಹಿ ಮಾಂತ್ರಿಕ ಸಾರುಮಾನ್ ಜೊತೆ ಮಾತಾಡುತ್ತಿದ್ದರೂ ಗ್ಯಾಂಡಾಲ್ಫನ ಮನಸ್ಸು ಈ ಇಬ್ಬರನ್ನೇ ಹುಡುಕುತ್ತಿತ್ತು. ಫ್ರೋಡೊಗೆ ಅದು ಗೊತ್ತಾಗದೆಯೇ ತಾಕಿತೋ ಏನೋ. ಅಷ್ಟೇ. ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಸಾಲು ಹೇಳಿದಾಗ ಅಜ್ಜಿ, ‘ಹಂಗಾದ್ರೆ ಬೇಕಾದಷ್ಟಾಯ್ತು’ ಅಂದು ಮತ್ತೆ ಅವರೆ ಹಿದುಕೋಕೆ ಶುರು ಮಾಡಿದರು.

ಇನ್ನೊಂದು ವಿಷಯ. ಬರೆಯುವವನಿಗೂ ಕೊನೆ ಗೊತ್ತಿರಲಿಲ್ಲ. ಟೋಲ್ಕೀನ್ ತಮ್ಮ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಮೊದಲ ಭಾಗದಲ್ಲಿ ಬರುವ ಮೊರಿಯಾ ಗಣಿಯ ಗೋರಿಯ ಹತ್ತಿರ ಬಂದು ಹೆಚ್ಚುಕಮ್ಮಿ ಒಂದು ವರ್ಷ ನಿಂತುಬಿಟ್ಟರು. 1942ರಲ್ಲಿ ಈ ನಡುವಿನ ಪುಸ್ತಕದ ಮೊದಲರ್ಧದ ಕರಡು ಬರೆದರು, ಸ್ವಲ್ಪ ಮುಂದೆ ಹೋದರು, ಮತ್ತೆ ನಿಂತರು. 1944ರಲ್ಲಿ ಒತ್ತಾಯ ಮಾಡಿಕೊಂಡು ಫ್ರೋಡೊನ ದಾರಿ ಹಿಡಿದರು. ಆಗ ಮಗ ಕ್ರಿಸ್ಟೊಫರ್ ಬ್ರಿಟಿಷ್ ವಾಯುಪಡೆಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇದ್ದ. ಬರೆದ ಅಧ್ಯಾಯಗಳನ್ನು ಧಾರಾವಾಹಿಯ ಹಾಗೆ ಅವನಿಗೆ ಅಂಚೆಯಲ್ಲಿ ಕಳಿಸಿದರು. ಸ್ವಲ್ಪ ಯೋಚಿಸಿ. ಮಹಾಯುದ್ಧ ನಡೀತಿದೆ. ಮಗ ದೂರ. ಅಪ್ಪ ಒಂದೊಂದೇ ಅಧ್ಯಾಯ ಬರೆದು ಕಳಿಸುತ್ತಾನೆ, ಇಬ್ಬರು ಸಣ್ಣ ಜನ ಕತ್ತಲಲ್ಲಿ ನಡೆಯೋ ಕಥೆ. ಫಾರಾಮಿರ್ ಬಂದಾಗ ಮಗನಿಗೆ ಬರೆದರು, ಇವನನ್ನು ನಾನು ಸೃಷ್ಟಿ ಮಾಡಲಿಲ್ಲ, ಇವನಾಗೇ ಇಥಿಲಿಯನ್ನಿನ ಕಾಡಿಗೆ ನಡೆದು ಬಂದ ಅಂತ. ಆ ಅಪ್ಪನೂ ನಡುವೆಯೇ ಇದ್ದ, ಅಲ್ವಾ?

ಇಥಿಲಿಯನ್ ಅಂದಾಗ ಮೊಲದ ಸಾರಿನ ವಿಷಯ ಹೇಳಲೇಬೇಕು. ಸ್ಯಾಮ್ ಅಷ್ಟು ದೂರ ಹೊತ್ತು ತಂದ ಪಾತ್ರೆ, ಸಣ್ಣ ಡಬ್ಬಿಯಲ್ಲಿ ಉಪ್ಪು. ಗೊಲ್ಲಮ್ ಎರಡು ಮೊಲ ಹಿಡಿದು ತರುತ್ತಾನೆ. ಸ್ಯಾಮ್‌ಗೆ ಸೊಪ್ಪು ಬೇಕು, ಪಲಾವ್ ಎಲೆ ಬೇಕು, ಆಲೂಗಡ್ಡೆ ಇದ್ದಿದ್ದರೆ ಅನ್ನೋ ಆಸೆ. ಗೊಲ್ಲಮ್‌ಗೆ ಒಳ್ಳೇ ಮಾಂಸವನ್ನು ಬೆಂಕಿಗೆ ಹಾಕಿ ಹಾಳು ಮಾಡ್ತಾನಲ್ಲ ಅನ್ನೋ ಸಿಟ್ಟು. ಲೋಕ ಮುಳುಗೋ ಹೊತ್ತಿನಲ್ಲಿ ಒಗ್ಗರಣೆಯ ಜಗಳ! ಆ ಒಲೆಯ ಹೊಗೆ ನೋಡಿಯೇ ಫಾರಾಮಿರ್‌ನ ಜನ ಬಂದು ಇವರನ್ನು ಹಿಡಿಯುತ್ತಾರೆ. ಅದಾದ ಸ್ವಲ್ಪ ಹೊತ್ತಿಗೇ ಶತ್ರು ಪಡೆಯ ಒಬ್ಬ ಸೈನಿಕ ಸ್ಯಾಮ್ ಕಣ್ಣೆದುರೇ ಸತ್ತು ಬೀಳುತ್ತಾನೆ. ಕಂದು ಬಣ್ಣದ ಕೈ, ಮುರಿದ ಕತ್ತಿಯ ಹಿಡಿ ಇನ್ನೂ ಬಿಟ್ಟಿಲ್ಲ. ಸ್ಯಾಮ್ ಯೋಚಿಸುತ್ತಾನೆ: ಇವನ ಹೆಸರೇನೋ, ಎಲ್ಲಿಂದ ಬಂದನೋ, ನಿಜವಾಗಿ ಕೆಟ್ಟವನೋ, ಇಲ್ಲ ಯಾರೋ ಸುಳ್ಳು ಹೇಳಿ, ಹೆದರಿಸಿ ಮನೆಯಿಂದ ಕರಕೊಂಡು ಬಂದರೋ. ಟೋಲ್ಕೀನ್ ಮೊದಲ ಮಹಾಯುದ್ಧದಲ್ಲಿ, 1916ರ ಸೋಮ್ ಕದನದಲ್ಲಿ ಇದ್ದವರು. ಫ್ರೋಡೊ, ಸ್ಯಾಮ್ ದಾಟುವ, ಸತ್ತವರ ಮುಖ ನೀರಿನಡಿ ಕಾಣುವ ಆ ಜವುಗಿಗೆ ಸೋಮ್ ನಂತರದ ಉತ್ತರ ಫ್ರಾನ್ಸಿನ ಋಣ ಸ್ವಲ್ಪ ಇದೆ ಅಂತ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಸ್ಯಾಮ್‌ನ ಈ ಯೋಚನೆ ಎಲ್ಲಿಂದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಚೀಟಿ ಬಂತು. ಐದು ನಿಮಿಷ ಅಂತೆ. ಅಜ್ಜಿಯ ಕಥೆ ಜಾಸ್ತಿ ಆಯ್ತು, ಇರಲಿ, ಅದನ್ನು ಬಿಡೋಕೆ ಆಗುತ್ತಿರಲಿಲ್ಲ.

ಎಂಟ್‌ಗಳ ಬಗ್ಗೆ, ಅಂದರೆ ನಡೆದಾಡುವ, ಮಾತಾಡುವ ಆ ಮರದಂಥವರ ಬಗ್ಗೆ, ಹೇಳಬೇಕಿತ್ತು. ಒಂದೇ ಮಾತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ಕಾಡು ನಡೆದು ಬರುತ್ತದೆ ಅಂತ ಹೇಳಿ ಕೊನೆಗೆ ಸೈನಿಕರು ಕೊಂಬೆ ಹಿಡಿದು ಬರುತ್ತಾರಲ್ಲ, ಅದು ಶಾಲೆಯ ದಿನಗಳಲ್ಲಿ ಟೋಲ್ಕೀನರಿಗೆ ಬಹಳ ನಿರಾಸೆ ಮಾಡಿತ್ತು. ಮರಗಳು ನಿಜವಾಗಿ ಯುದ್ಧಕ್ಕೆ ಹೋಗಲಿ ಅಂತ ಅವರಿಗೆ ಆಸೆ. ಆ ಹುಡುಗನ ಆಸೆಯೇ ಮುಂದೆ ಎಂಟ್‌ಗಳ ಹಿರಿಯ ಟ್ರೀಬಿಯರ್ಡ್ ಆಯಿತು. ಸಾರುಮಾನ್‌ನ ದನಿಯ ಬಗ್ಗೆ, ಯಾವ ಎರಡು ಗೋಪುರ ಅಂತ ಲೇಖಕರಿಗೇ ಇದ್ದ ಗೊಂದಲದ ಬಗ್ಗೆ, ಪ್ರಶ್ನೋತ್ತರದಲ್ಲಿ ಕೇಳಿ.

ಮೆಟ್ಟಿಲ ದೃಶ್ಯ ಒಂದು ಹೇಳಿಬಿಡುತ್ತೇನೆ. ಸಿರಿತ್ ಉಂಗೊಲ್, ಮೊರ್ಡೊರಿಗೆ ಬೆಟ್ಟ ಹತ್ತಿ ಹೋಗುವ ಕಳ್ಳದಾರಿ. ಫ್ರೋಡೊ, ಸ್ಯಾಮ್ ಇಬ್ಬರೂ ನಿದ್ದೆ ಹೋಗಿದ್ದಾರೆ. ಗೊಲ್ಲಮ್ ಅವರನ್ನು ಜೇಡನ ಬಾಯಿಗೆ ಕೊಡೋಕೆ ಏರ್ಪಾಡು ಮಾಡಿ ವಾಪಸ್ ಬಂದಿದ್ದಾನೆ. ನೋಡುತ್ತಾನೆ. ಕಣ್ಣಿನ ಹೊಳಪು ಆರುತ್ತದೆ. ನಡುಗುವ ಕೈ ಚಾಚಿ ಫ್ರೋಡೊನ ಮಂಡಿಯನ್ನು ಮೆಲ್ಲಗೆ ಮುಟ್ಟುತ್ತಾನೆ, ಮುದ್ದು ಮಾಡಿದ ಹಾಗೆ. ಆ ಕ್ಷಣ ಅವನು ತನ್ನವರನ್ನೆಲ್ಲ ಕಳಕೊಂಡು ದಣಿದ ಒಬ್ಬ ಮುದುಕ, ಅಷ್ಟೇ. ಸ್ಯಾಮ್‌ಗೆ ಎಚ್ಚರ ಆಗುತ್ತದೆ, ಏನು ಮಾಡ್ತಿದ್ದೀಯ ಅಂತ ಒರಟಾಗಿ ಗದರುತ್ತಾನೆ. ಮುಗಿಯಿತು. ಆ ಬಾಗಿಲು ಮತ್ತೆ ತೆರೆಯೋದಿಲ್ಲ. ಸ್ಯಾಮ್ ಕೆಟ್ಟವನಲ್ಲ. ಅವನಿಗೆ ಗೊತ್ತಿಲ್ಲ, ಅಷ್ಟೇ. ನಾನು ಮತ್ತೆ ಅದೇ ಮಾತಿಗೆ ಬಂದೆ.

ಎರಡನೇ ಭಾಗ ಬಂದದ್ದು 1954ರ ನವೆಂಬರ್ 11ಕ್ಕೆ. ಫ್ರೋಡೊ ಬದುಕಿದ್ದಾನೆ, ಆದರೆ ಶತ್ರುವಿನ ಕೈಗೆ ಸಿಕ್ಕಿದ್ದಾನೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಮೂರನೇದು ಬಂದದ್ದು 1955ರ ಅಕ್ಟೋಬರ್ 20ಕ್ಕೆ. ಹನ್ನೊಂದು ತಿಂಗಳು ಆ ಕಾಲದ ಓದುಗರು ಹಾಗೇ ಕಾದರು. ನಾನೂ ಅಜ್ಜಿಯೂ ಅದಕ್ಕಿಂತ ಸ್ವಲ್ಪ ಜಾಸ್ತಿ ಕಾದೆವು. ಮೂರನೇ ಭಾಗ ನನಗೆ ಸಿಕ್ಕಿದ್ದು 1989ರ ಮಾರ್ಚಿನಲ್ಲಿ, ಕಾಲೇಜಿನ ಲೈಬ್ರರಿಯಲ್ಲಿ. ಪರೀಕ್ಷೆ ಇತ್ತು, ಊರಿಗೆ ಹೋಗೋಕೆ ಆಗಲಿಲ್ಲ. ಒಂದು ಇನ್‌ಲ್ಯಾಂಡ್ ಲೆಟರ್ ಬರೆದೆ. ಅಜ್ಜಿ, ಆ ಹುಡುಗ ಸ್ಯಾಮ್‌ಗೆ ಎಚ್ಚರ ಆದಾಗ ಮುದುಕಪ್ಪ ಪಕ್ಕದಲ್ಲೇ ಇದ್ದ, ಈಗ ಇಬ್ಬರಿಗೂ ಗೊತ್ತಾಯಿತು ಅಂತ.

ಚಿಕ್ಕಪ್ಪ ಅದನ್ನು ಓದಿ ಹೇಳಿದರಂತೆ. ಯಾವ ಮುದುಕಪ್ಪ, ಯಾರಿಗೆ ಹುಷಾರಿಲ್ಲ ಅಂತ ಗಾಬರಿಯಾಗಿ ಕೇಳಿದರಂತೆ. ಅಜ್ಜಿ ಉತ್ತರ ಕೊಡಲಿಲ್ಲ. ‘ಸದ್ಯ’ ಅಂದರು, ಇನ್ನೊಂದು ಸಲ ಓದಿಸಿಕೊಂಡರು.