ಹತ್ತು ಅಂಕವೋ, ಹನ್ನೆರಡೋ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಮನೆಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಯಾವ ತಂಡ ಮೇಲು, ಯಾವುದು ಕೆಳಗೆ? ಕೆಂಟಕಿಯವರನ್ನು ಕೇಳಿದರೆ ತಮ್ಮ 8 ಪ್ರಶಸ್ತಿ ತೋರಿಸುತ್ತಾರೆ. ನಾರ್ತ್ ಕ್ಯಾರೊಲಿನಾದವರು ತಮ್ಮ 6 ಪ್ರಶಸ್ತಿಯ ಜೊತೆಗೆ, 21 ಸಲ ಕೊನೆಯ ನಾಲ್ಕರೊಳಗೆ ಬಂದದ್ದನ್ನು ಮುಂದಿಡುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ತಕರಾರು ಇರುವುದು ತೂಗುವ ತಕ್ಕಡಿಯಲ್ಲಿ.

ಪೆನ್ಸಿಲ್ಲು ಹಿಡಿದು ಕೂತವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್.ಸಿ.ಎ.ಎ. ಅದರ ಪುರುಷರ ಟೂರ್ನಿ ಶುರುವಾದದ್ದು 1939ರಲ್ಲಿ. ಅಲ್ಲಿಂದ 2025ರವರೆಗೆ, ಪ್ರಶಸ್ತಿಗೆ 10 ಅಂಕ, ಫೈನಲ್‌ನಲ್ಲಿ ಸೋತರೆ 5, ಸೆಮಿಫೈನಲ್‌ನಲ್ಲಿ ಸೋತರೆ 3. ಹೊಸಬರು ಎಡವುವುದು ಇಲ್ಲೇ: ಗೆದ್ದ ತಂಡಕ್ಕೆ ಪ್ರಶಸ್ತಿಯ ಅಂಕ ಕೊಟ್ಟ ಮೇಲೂ, ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು, ಮುಟ್ಟಿತಲ್ಲ ಎಂದು ಮತ್ತೊಮ್ಮೆ ಕೊಡುತ್ತಾರೆ. ಒಂದೇ ಸಾಧನೆಗೆ ಎರಡು ಸಲ ಕೂಲಿ! ಆ ವರ್ಷ ತಂಡ ಯಾವ ಮೆಟ್ಟಿಲಲ್ಲಿ ನಿಂತಿತೋ ಆ ಮೆಟ್ಟಿಲಿನ ಅಂಕವಷ್ಟೇ ಅದಕ್ಕೆ. ಮೂರನೇ ಸ್ಥಾನದ ಪಂದ್ಯ 1981ಕ್ಕೇ ನಿಂತುಹೋಯಿತು. ಆದ್ದರಿಂದ ಮೂರನೆಯವರು, ನಾಲ್ಕನೆಯವರು ಎಂದು ಬೇರೆ ಮಾಡಬೇಡಿ.

ಕೂಡಿಸಿದರೆ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯು.ಸಿ.ಎಲ್.ಎ.ಗೆ 133, ನಾರ್ತ್ ಕ್ಯಾರೊಲಿನಾಗೆ 117, ಕೆಂಟಕಿಗೆ 115. ಡ್ಯೂಕ್ 101ರಲ್ಲಿ, ಕ್ಯಾನ್ಸಸ್ 85ರಲ್ಲಿ. ಯುಕಾನ್ ಎಂದು ಕರೆಸಿಕೊಳ್ಳುವ ಕನೆಕ್ಟಿಕಟ್‌ಗೆ 63, ಇಂಡಿಯಾನಾಗೆ 61.

ಈಗ ಎರಡನೇ ಮತ್ತು ಮೂರನೇ ಸ್ಥಾನವನ್ನು ಇನ್ನೊಮ್ಮೆ ನೋಡಿ. ಪ್ರಶಸ್ತಿಯ ಬೆಲೆಯನ್ನು 10ರಿಂದ 11ಕ್ಕೆ ಏರಿಸಿದರೆ ಎರಡೂ ತಂಡಕ್ಕೆ 123, ಸರಿಸಮ. 12 ಮಾಡಿದರೆ ಕೆಂಟಕಿಗೆ 131, ನಾರ್ತ್ ಕ್ಯಾರೊಲಿನಾಗೆ 129. ಹಳೆಯ ಜಗಳ ಎರಡೇ ಅಂಕದಲ್ಲಿ ತಿರುಗಿಬಿಡುತ್ತದೆ. ಅದಕ್ಕೇ ಯಾರಾದರೂ ರ‍್ಯಾಂಕಿಂಗ್ ಪಟ್ಟಿ ಹಿಡಿದು ಬಂದರೆ, ಪ್ರಶಸ್ತಿಗೆ ಎಷ್ಟು ಅಂಕ ಇಟ್ಟಿದ್ದೀರಿ ಎಂದು ಮೊದಲು ಕೇಳಿ. ಉತ್ತರ ಕೊಡದಿದ್ದರೆ ಆ ಪಟ್ಟಿಯನ್ನು ಮಡಿಚಿಡಿ.

ದಾಖಲೆಯಲ್ಲಿ ಹೊಡೆದುಹಾಕಿದ ಸಾಲುಗಳೂ ಇವೆ. ಯು.ಸಿ.ಎಲ್.ಎ. 1980ರಲ್ಲಿ ಫೈನಲ್ ಆಡಿತ್ತು, ಕ್ಯಾನ್ಸಸ್ 2018ರಲ್ಲಿ ಸೆಮಿಫೈನಲ್ ತಲುಪಿತ್ತು. ನಿಯಮ ಉಲ್ಲಂಘನೆಗಾಗಿ ಎರಡೂ ರದ್ದಾದವು. ಲೂಯಿವಿಲ್ 2013ರ ಪ್ರಶಸ್ತಿಯನ್ನೇ ಕಳೆದುಕೊಂಡಿತು. ನನ್ನ ಲೆಕ್ಕದಲ್ಲಿ ಇವಕ್ಕೆ ಅಂಕವಿಲ್ಲ. ಇನ್ನು ಹೆಲ್ಮ್ಸ್ ಪ್ರಶಸ್ತಿಗಳು. ಕ್ಯಾನ್ಸಸ್‌ನ ಅಂಗಳದಲ್ಲಿ 1922, 1923 ಎಂಬ ಪತಾಕೆಗಳು ತೂಗುತ್ತವೆ, ನಾರ್ತ್ ಕ್ಯಾರೊಲಿನಾದಲ್ಲಿ 1924. ಆಗ ಟೂರ್ನಿಯೇ ಇರಲಿಲ್ಲ. ಹೆಲ್ಮ್ಸ್ ಎಂಬ ಸಂಸ್ಥೆ ಎಷ್ಟೋ ವರ್ಷಗಳ ಮೇಲೆ ಹಿಂದಿರುಗಿ ನೋಡಿ ಕೊಟ್ಟ ಬಿರುದು ಅದು. ಪತಾಕೆ ಚೆಂದ, ಅಂಕ ಸೊನ್ನೆ.

ನಿಜವಾಗಿ ತಲೆ ಕೆಡಿಸುವುದು ಕಾಲದ ಅಂತರ. ಯು.ಸಿ.ಎಲ್.ಎ.ಯ 11 ಪ್ರಶಸ್ತಿಗಳಲ್ಲಿ 10 ಬಂದದ್ದು ಜಾನ್ ವುಡನ್ ಎಂಬ ಒಬ್ಬನೇ ಕೋಚ್ ಕಾಲದಲ್ಲಿ, 1964ರಿಂದ 1975ರ ನಡುವೆ. ಅವುಗಳಲ್ಲಿ ಮೊದಲ 9 ಪ್ರಶಸ್ತಿಗೆ ತಲಾ ನಾಲ್ಕೇ ಪಂದ್ಯ ಗೆದ್ದರೆ ಸಾಕಿತ್ತು. ಇವತ್ತು ಆರು ಗೆಲ್ಲಬೇಕು. ಪಶ್ಚಿಮದ ಕಾಲೇಜುಗಳು ಬಹುಮಟ್ಟಿಗೆ ತಮ್ಮತಮ್ಮಲ್ಲೇ ಆಡಿ ಸೆಮಿಫೈನಲ್ ಸೇರುತ್ತಿದ್ದವು. ಅದೂ ಅಲ್ಲದೆ ಒಂದು ಕಾನ್ಫರೆನ್ಸ್‌ನಿಂದ, ಅಂದರೆ ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಒಂದು ಗುಂಪಿನಿಂದ, ಒಂದೇ ತಂಡಕ್ಕೆ ಪ್ರವೇಶ. 1974ರಲ್ಲಿ ದೇಶದ ನಾಲ್ಕನೇ ರ‍್ಯಾಂಕಿನ ಮೇರಿಲ್ಯಾಂಡ್ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್‌ಗೆ ಹೆಚ್ಚುವರಿ ಸಮಯದಲ್ಲಿ 103–100ರಿಂದ ಸೋತು ಮನೆಗೆ ಹೋಯಿತು. ಮರುವರ್ಷವೇ ಬಾಗಿಲು ತೆರೆದು 32 ತಂಡಗಳಾದವು. 1985ಕ್ಕೆ 64, 2011ಕ್ಕೆ 68.

ಹಾಗಂತ ವುಡನ್ ಕಾಲವನ್ನು ಅಗ್ಗ ಮಾಡುವುದೂ ತಪ್ಪು. ಸತತ 7 ಪ್ರಶಸ್ತಿ, ಸತತ 88 ಗೆಲುವು. ಪಂದ್ಯ ನಾಲ್ಕೇ ಆದರೂ, ಒಂದು ರಾತ್ರಿ ಕೈ ಎಡವಿದರೆ ಆಟ ಮುಗಿಯುವ ಟೂರ್ನಿಯಿದು. ಅಂಕ ಕತ್ತರಿಸುವ ಬದಲು ಕಾಲವನ್ನೇ ಎರಡು ಭಾಗ ಮಾಡಿ, ಎರಡು ಪಟ್ಟಿ ಇಟ್ಟುಕೊಳ್ಳುವುದು ನನಗೆ ಸರಿಯೆನಿಸುತ್ತದೆ.

ಗೆರೆಯನ್ನು 1985ರಲ್ಲಿ ಎಳೆದು, ಅದೇ 10, 5, 3 ಇಟ್ಟು ಕೂಡಿಸೋಣ. ಡ್ಯೂಕ್ 85ಕ್ಕೆ ಏರಿ ಮೊದಲ ಸ್ಥಾನಕ್ಕೆ ಬರುತ್ತದೆ. ಅದರ ಐದೂ ಪ್ರಶಸ್ತಿ ಕೋಚ್ ಮೈಕ್ ಶೆಷೆವ್‌ಸ್ಕಿ ಕಾಲದವು. ಹದಿನಾರು ಕಿಲೋಮೀಟರ್ ಆಚೆಯ ನೆರೆಮನೆ ನಾರ್ತ್ ಕ್ಯಾರೊಲಿನಾಗೆ 68. ಆ ಶೆಷೆವ್‌ಸ್ಕಿಯ ಕಡೆಯ ಪಂದ್ಯವನ್ನು, 2022ರ ಸೆಮಿಫೈನಲ್‌ನಲ್ಲಿ, 81–77ರಿಂದ ಗೆದ್ದವರೂ ಇದೇ ನೆರೆಮನೆಯವರೇ. ಯುಕಾನ್ 63, ಕ್ಯಾನ್ಸಸ್ 54, ಕೆಂಟಕಿ 49. ಮೇಲಿನ ಪಟ್ಟಿಯ ದೊರೆ ಯು.ಸಿ.ಎಲ್.ಎ.ಗೆ ಬರೀ 24.

ಯುಕಾನ್ ವಿಷಯದಲ್ಲಿ ಮಾತ್ರ ನಮ್ಮ ತಕ್ಕಡಿ ಕೊಂಚ ವಾಲುತ್ತದೆ. 2025ರವರೆಗೆ ಕೊನೆಯ ನಾಲ್ಕಕ್ಕೆ ಬಂದದ್ದು 7 ಸಲ. 2009ರಲ್ಲಿ ಸೆಮಿಫೈನಲ್ ಸೋತದ್ದು ಬಿಟ್ಟರೆ ಉಳಿದ ಆರೂ ಸಲ ಪ್ರಶಸ್ತಿ ಹೊತ್ತು ಹೋಗಿದೆ, ಅದೂ ಮೂವರು ಬೇರೆಬೇರೆ ಕೋಚ್‌ಗಳ ಕೈಕೆಳಗೆ. ಅಲ್ಲಿಯವರೆಗೆ ಫೈನಲ್‌ನಲ್ಲಿ ಸೋತೇ ಇಲ್ಲದ ತಂಡಕ್ಕೆ ಸೋತವರಿಗೆ ಸಿಗುವ 5 ಅಂಕ ಎಲ್ಲಿಂದ ಬರಬೇಕು? 1985ರಿಂದ 2025ರವರೆಗೆ ಪ್ರಶಸ್ತಿಯನ್ನಷ್ಟೇ ಎಣಿಸಿದರೆ ಡ್ಯೂಕ್ ಐದಕ್ಕೆ ನಿಲ್ಲುತ್ತದೆ, ಯುಕಾನ್ ಆರರಲ್ಲಿ ಕೂತಿರುತ್ತದೆ.

ನಮಸ್ಕಾರ.