ಬೊಲೊನ್ಯಾದಲ್ಲಿ ಕೂಡಿದ ಕೊರಳುಗಳು

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

2023ರ ಜೂನ್ ತಿಂಗಳ ನಡುವಿನ ಐದು ದಿನ ಇಟಲಿಯ ಬೊಲೊನ್ಯಾ ನಗರದಲ್ಲಿ ನಡೆದ ಒಂದು ಗಾಯನೋತ್ಸವದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಉತ್ಸವದ ಹೆಸರು ‘ವೇರಿಯಸ್ ವಾಯ್ಸಸ್’, ಅಂದರೆ ಬಗೆಬಗೆಯ ದನಿಗಳು. ಸಲಿಂಗಿಗಳು, ಉಭಯಲಿಂಗ ಪ್ರೇಮಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮತ್ತು ಅವರ ಒಡನಾಡಿಗಳು ಯುರೋಪಿನ ನಾನಾ ಊರುಗಳಲ್ಲಿ ಕಟ್ಟಿಕೊಂಡಿರುವ ಗಾಯನವೃಂದಗಳು ನಾಲ್ಕೈದು ವರ್ಷಗಳಿಗೊಮ್ಮೆ ಒಂದೆಡೆ ಕೂಡಿ ಹಾಡುವ ಉತ್ಸವವಿದು. 1985ರಲ್ಲಿ ಲಂಡನ್ನಿನಲ್ಲಿ ಬೆರಳೆಣಿಕೆಯ ವೃಂದಗಳಿಂದ ಮೊದಲಾದ ಈ ಕೂಟ 2001ರಲ್ಲಿ ಬರ್ಲಿನ್, 2005ರಲ್ಲಿ ಪ್ಯಾರಿಸ್, 2009ರಲ್ಲಿ ಮತ್ತೆ ಲಂಡನ್, 2014ರಲ್ಲಿ ಡಬ್ಲಿನ್, 2018ರಲ್ಲಿ ಮ್ಯೂನಿಕ್ ಹಾದು ಬೊಲೊನ್ಯಾ ತಲುಪುವಷ್ಟರಲ್ಲಿ ಸಾವಿರಾರು ಗಾಯಕರ ಜಾತ್ರೆಯಾಗಿ ಬೆಳೆದಿತ್ತು. ಇಲ್ಲಿ ಸ್ಪರ್ಧೆಯಿಲ್ಲ, ತೀರ್ಪುಗಾರರಿಲ್ಲ. ತಮ್ಮ ಸರದಿ ಮುಗಿಸಿದ ಗಾಯಕರು ವೇದಿಕೆಯಿಂದಿಳಿದು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಮುಂದಿನ ವೃಂದವನ್ನು ಆಲಿಸುತ್ತಾರೆ. ಹಾಡುವವರೇ ಕೇಳುಗರಾಗಿರುವ ಇಂಥ ಸಭಾಂಗಣದಲ್ಲಿ ಚಪ್ಪಾಳೆಯ ತೂಕವೇ ಬೇರೆ ಎಂದು ನಾನು ನಂಬುತ್ತೇನೆ.

ಈ ವೃಂದಗಳು ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. 1978ರ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆ ಗೆದ್ದಿದ್ದ ಹಾರ್ವಿ ಮಿಲ್ಕ್ ಅವರನ್ನು ಪುರಭವನದಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಪುರಭವನದ ಮುಂದೆ ನೆರೆದಾಗ, ತಾಲೀಮು ಆರಂಭಿಸಿ ಇನ್ನೂ ತಿಂಗಳೂ ತುಂಬದಿದ್ದ ಸಲಿಂಗಿ ಪುರುಷರ ವೃಂದವೊಂದು ಮೆಟ್ಟಿಲುಗಳ ಮೇಲೆ ನಿಂತು ಜರ್ಮನ್ ಸಂಗೀತ ರಚನಕಾರ ಮೆಂಡಲ್ಸನ್ನನ ಒಂದು ಪ್ರಾರ್ಥನಾಗೀತೆಯನ್ನು ಹಾಡಿತು. ಅದೇ ಅವರ ಮೊದಲ ಸಾರ್ವಜನಿಕ ಗಾಯನ. ಸಂತಸದ ಸಂಜೆಗಳಿಗಾಗಿ ಕಟ್ಟಿದ ತಂಡ ಸೂತಕದ ದಿನ ಕಣ್ಣು ಬಿಟ್ಟಿತು. ಮುಂದಿನ ದಶಕದಲ್ಲಿ ಏಡ್ಸ್ ಬಂದಾಗ ಅದೇ ವೃಂದ ತನ್ನ ಸದಸ್ಯರನ್ನು ಒಬ್ಬೊಬ್ಬರಾಗಿ, ವರ್ಷಗಟ್ಟಲೆ ಕಳೆದುಕೊಳ್ಳುತ್ತಾ ಹೋಯಿತು. ಯುರೋಪಿನಲ್ಲಿ 1983ರಲ್ಲಿ ಹುಟ್ಟಿದ ಲಂಡನ್ನಿನ ‘ಪಿಂಕ್ ಸಿಂಗರ್ಸ್’ ಇಂದಿಗೂ ಹಾಡುತ್ತಿರುವ ಅತ್ಯಂತ ಹಳೆಯ ತಂಡಗಳಲ್ಲೊಂದು. 1991ರಲ್ಲಿ ‘ಲಂಡನ್ ಗೇ ಮೆನ್ಸ್ ಕೋರಸ್’ ಆರಂಭವಾದದ್ದೂ ಏಡ್ಸ್ ಪೀಡಿತರ ನೆರವಿಗೆ ಹಣ ಕೂಡಿಸಲು ಕೆಲವರು ರೈಲು ನಿಲ್ದಾಣದಲ್ಲಿ ನಿಂತು ಹಾಡಿದ್ದರಿಂದ. ಆದ್ದರಿಂದ ಈ ಉತ್ಸವಗಳ ಬಣ್ಣ, ನಗು, ಮಿನುಗುವ ಉಡುಪುಗಳನ್ನು ನೋಡುವಾಗ ಅವುಗಳ ಹಿಂದೆ ನಿಂತಿರುವ ಖಾಲಿ ಕುರ್ಚಿಗಳನ್ನೂ ನೆನೆಯಬೇಕಾಗುತ್ತದೆ.

ಬೊಲೊನ್ಯಾ ನಗರಕ್ಕೆ ಈ ಉತ್ಸವ ಬಂದದ್ದು ಆಕಸ್ಮಿಕವೇನಲ್ಲ. 1088ರಷ್ಟು ಹಳೆಯದೆಂದು ಹೇಳಲಾಗುವ ವಿಶ್ವವಿದ್ಯಾಲಯವಿರುವ ಊರದು. ಕಿಲೋಮೀಟರುಗಟ್ಟಲೆ ಹಬ್ಬಿದ ಅದರ ಕಂಬಸಾಲಿನ ಜಗಲಿಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. 2006ರಲ್ಲಿ ಯುನೆಸ್ಕೊ ಅದನ್ನು ಸಂಗೀತ ನಗರವೆಂದು ಗುರುತಿಸಿತು. ಆದರೆ ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದದ್ದು 1982ರ ಜೂನ್ 28. ಅಂದು ಅಲ್ಲಿನ ನಗರಾಡಳಿತ ಹಳೆಯ ಕೋಟೆಯ ಸರಗೋತ್ಸಾ ಬಾಗಿಲಿನ ಮೇಲಿನ ಕಟ್ಟಡವನ್ನು ಸಲಿಂಗಿಗಳ ಸಂಘಟನೆಗೆ ಒಪ್ಪಿಸಿತು. ಇಟಲಿಯ ನಗರವೊಂದು ಹೀಗೆ ಸಾರ್ವಜನಿಕ ಸ್ಥಳ ಕೊಟ್ಟದ್ದು ಅದೇ ಮೊದಲು. ಊರಿನ ಆರಾಧ್ಯಳಾದ ಸಾನ್ ಲೂಕಾದ ಮಾತೆ ಮೇರಿಯ ಮೆರವಣಿಗೆ ಹಾದುಹೋಗುವ ಬಾಗಿಲು ಅದಾಗಿದ್ದರಿಂದ ಚರ್ಚಿನ ವಲಯದಿಂದ ತೀವ್ರ ವಿರೋಧ ಬಂತು; ಆಡಳಿತ ತನ್ನ ತೀರ್ಮಾನ ಬದಲಿಸಲಿಲ್ಲ. ಕೋಟೆಬಾಗಿಲಿನ ಹೆಸರಿನಿಂದಲೇ ‘ಕಸ್ಸೆರೊ’ ಎಂದು ಕರೆಸಿಕೊಂಡ ಆ ಕೇಂದ್ರ ಮುಂದೆ ಬೇರೆ ಕಟ್ಟಡಕ್ಕೆ ಹೋದರೂ ಹೆಸರು ಉಳಿಯಿತು. 1995ರಲ್ಲಿ ಮಾರ್ಚೆಲ್ಲಾ ದಿ ಫೋಲ್ಕೊ ಎಂಬ ಟ್ರಾನ್ಸ್ ಮಹಿಳೆಯನ್ನು ನಗರಸಭೆಗೆ ಆರಿಸಿ ಕಳಿಸಿದ ಊರೂ ಇದೇ.

ಆದರೂ 2023ರ ಜೂನ್ ಇಟಲಿಯಲ್ಲಿ ನಿರಾಳವಾದ ಕಾಲವಾಗಿರಲಿಲ್ಲ. ಮೇ ತಿಂಗಳ ಪ್ರವಾಹ ಬೊಲೊನ್ಯಾ ಸೇರಿದ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯವನ್ನು ಕೆಸರಿನಲ್ಲಿ ಮುಳುಗಿಸಿ ಹಲವರ ಪ್ರಾಣ ತೆಗೆದಿತ್ತು. ಮಾರ್ಚ್‌ನಲ್ಲಿ, ಸರ್ಕಾರದ ಸೂಚನೆಯ ಮೇರೆಗೆ, ಸಲಿಂಗಿ ದಂಪತಿಗಳಿಬ್ಬರ ಹೆಸರನ್ನೂ ಮಗುವಿನ ಜನನ ದಾಖಲೆಯಲ್ಲಿ ನೇರವಾಗಿ ಸೇರಿಸುವುದನ್ನು ಮಿಲಾನ್ ನಗರ ನಿಲ್ಲಿಸಬೇಕಾಗಿ ಬಂದಿತ್ತು. ಬೊಲೊನ್ಯಾಕ್ಕೆ ಹೆಚ್ಚು ದೂರವಲ್ಲದ ಪಾದುವಾದಲ್ಲಿ, ಅದೇ ಜೂನ್‌ನಲ್ಲಿ, ಇಬ್ಬರು ತಾಯಂದಿರ ಹೆಸರಿದ್ದ 33 ಮಕ್ಕಳ ಜನನ ಪ್ರಮಾಣಪತ್ರಗಳಿಂದ ಒಬ್ಬ ತಾಯಿಯ ಹೆಸರನ್ನು ತೆಗೆಸಲು ಸರ್ಕಾರಿ ಅಭಿಯೋಜಕರು ಮುಂದಾಗಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಆತಿಥ್ಯ ವಹಿಸಿದ್ದ ಬೊಲೊನ್ಯಾದ ‘ಕೋಮೋಸ್’ ವೃಂದದವರು ಹೊರದೇಶಗಳ ಗಾಯಕರನ್ನು ಬರಮಾಡಿಕೊಂಡದ್ದು ಇಂಥ ದಿನಗಳಲ್ಲಿ.

ಇನ್ನು ನನಗೆ ಅತ್ಯಂತ ಹತ್ತಿರವಾದ ಸಂಗತಿಗೆ ಬರುತ್ತೇನೆ. ಅದು ದನಿ. ನಾವು ರಾಗಸಂಗೀತದಲ್ಲಿ ಬೆಳೆದವರು. ನಮ್ಮಲ್ಲಿ ಹತ್ತು ಜನ ಕೂಡಿ ಹಾಡಿದರೂ ಸಾಮಾನ್ಯವಾಗಿ ಒಂದೇ ಸ್ವರದ ಜಾಡಿನಲ್ಲಿ ಹೋಗುತ್ತಾರೆ. ಪಾಶ್ಚಾತ್ಯ ವೃಂದಗಾನದಲ್ಲಿ ಅದೇ ಗಳಿಗೆಯಲ್ಲಿ ನಾಲ್ಕು ಸಾಲುಗಳು ನಾಲ್ಕು ಬೇರೆ ಸ್ವರಗಳಲ್ಲಿ ನಿಂತು ಒಂದು ಸ್ವರಮೇಳವನ್ನು ಕಟ್ಟುತ್ತವೆ. ತಾರಸ್ಥಾಯಿಯ ಸೊಪ್ರಾನೊ ಮತ್ತು ಅದರ ಕೆಳಗಿನ ಆಲ್ಟೊ ಹೆಂಗಸರಿಗೆ, ಟೆನರ್ ಮತ್ತು ಮಂದ್ರದ ಬೇಸ್ ಗಂಡಸರಿಗೆ ಎಂಬುದು ರೂಢಿ. ಮೇಲ್ನೋಟಕ್ಕೆ ಇದು ಸ್ವರದ ವಿಂಗಡಣೆ. ಆದರೆ ತಾಲೀಮಿನ ಕೋಣೆಯೊಳಗೆ ಕಾಲಿಡುತ್ತಿದ್ದಂತೆಯೇ ‘ಹೆಂಗಸರು ಈ ಕಡೆ, ಗಂಡಸರು ಆ ಕಡೆ’ ಎಂಬ ಮಾತು ಕೇಳಿಸಿದರೆ, ಎರಡು ಕಡೆಗೂ ಸಲ್ಲದವರು ಬಾಗಿಲಲ್ಲೇ ನಿಂತುಬಿಡುತ್ತಾರೆ.

ನಮ್ಮ ಗಂಗೂಬಾಯಿ ಹಾನಗಲ್ಲರನ್ನು ನೆನಪಿಸಿಕೊಳ್ಳಿ. ಗಂಟಲಿನ ತೊಂದರೆ ಮತ್ತು ಚಿಕಿತ್ಸೆಯ ನಂತರ ಅವರ ಕಂಠ ಆಳಕ್ಕಿಳಿದು, ಧ್ವನಿಮುದ್ರಿಕೆ ಮಾತ್ರ ಕೇಳಿದವರು ಗಂಡಸಿನ ದನಿಯೆಂದೇ ತಿಳಿಯುವಂತಾಯಿತು. ಆ ಕಂಠದಲ್ಲಿಯೇ ಅವರು ಕಿರಾನಾ ಘರಾನೆಯ ಘನತೆಯನ್ನು ಮೆರೆದರು. ಅಷ್ಟು ದೊಡ್ಡ ಕಲೆಯ ಆಸರೆಯಿಲ್ಲದ ಸಾಮಾನ್ಯರ ಪಾಡು ಬೇರೆ. ತೆಳುದನಿಯ ಹುಡುಗ ಶಾಲೆಯಲ್ಲಿ ಬಾಯಿ ತೆರೆದರೆ ನಗು ಏಳುತ್ತದೆ. ಟ್ರಾನ್ಸ್ ಮಹಿಳೆಯೊಬ್ಬಳು ಎಷ್ಟೇ ಒಪ್ಪವಾಗಿ ಸೀರೆಯುಟ್ಟಿದ್ದರೂ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕೂಡಲೇ ತಲೆಗಳು ತಿರುಗುತ್ತವೆ. ದನಿಯಿಂದ ಬಯಲಾಗುವ ಭಯದಲ್ಲಿ ಮಾತನ್ನೇ ಕಡಿಮೆ ಮಾಡಿಕೊಂಡು ಬದುಕಿದವರಿದ್ದಾರೆ. ಅಂಥವರು ಹಾಡಲೆಂದು ಬಾಯಿ ತೆರೆಯುವುದು ಸಣ್ಣ ಸಂಗತಿಯಲ್ಲ.

ಇದರಲ್ಲಿ ದೇಹದ ನಿಯಮವೂ ಸೇರಿದೆ. ಟ್ರಾನ್ಸ್ ಪುರುಷರು ಟೆಸ್ಟೋಸ್ಟೆರಾನ್ ತೆಗೆದುಕೊಳ್ಳತೊಡಗಿದಾಗ ಧ್ವನಿತಂತುಗಳು ದಪ್ಪಗಾಗಿ ಕೆಲವೇ ತಿಂಗಳಲ್ಲಿ ದನಿ ಕೆಳಗಿಳಿಯಲಾರಂಭಿಸುತ್ತದೆ. ನಡುವೆ ಅದು ಒಡೆಯುತ್ತದೆ, ಎಟುಕುತ್ತಿದ್ದ ಸ್ವರ ಎಟುಕದಾಗುತ್ತದೆ, ಆಲ್ಟೊ ಸಾಲಿನಲ್ಲಿದ್ದವರು ಟೆನರ್‌ಗೆ, ಅಲ್ಲಿಂದ ಕೆಲವೊಮ್ಮೆ ಬೇಸ್‌ಗೆ ಸರಿಯುತ್ತಾರೆ. ಟ್ರಾನ್ಸ್ ಮಹಿಳೆಯರಿಗೆ ಈಸ್ಟ್ರೋಜೆನ್‌ನಿಂದ ಅಂಥ ಬದಲಾವಣೆ ಆಗುವುದಿಲ್ಲ, ಏಕೆಂದರೆ ಹರೆಯದಲ್ಲಿ ಒಮ್ಮೆ ದಪ್ಪಗಾದ ತಂತು ಮತ್ತೆ ತೆಳ್ಳಗಾಗದು. ಅವರಲ್ಲಿ ಹೆಚ್ಚಿನವರಿಗೆ ಉಳಿಯುವ ದಾರಿ ಸಾಧನೆ, ಅಥವಾ ಇರುವ ದನಿಯಲ್ಲೇ ಹೆಮ್ಮೆಯಿಂದ ಹಾಡುವುದು. ಆದ್ದರಿಂದ ಇಂಥ ವೃಂದಗಳಲ್ಲಿ ಸಂಚಾಲಕರು ‘ಹೆಂಗಸರು’ ಎನ್ನುವ ಬದಲು ‘ಸೊಪ್ರಾನೊ’ ಎಂದು ಕರೆಯುವುದನ್ನು ರೂಢಿಸಿಕೊಂಡಿದ್ದಾರೆ. ಬೇಸ್ ಸಾಲಿನಲ್ಲಿ ಮಹಿಳೆ ನಿಲ್ಲುತ್ತಾಳೆ, ಸೊಪ್ರಾನೊ ಸಾಲಿನಲ್ಲಿ ಗಡ್ಡಧಾರಿ ನಿಲ್ಲುತ್ತಾನೆ. ಒಂದು ಪದದ ಬದಲಾವಣೆಯಿಂದ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದರು. ಸ್ವರಮೇಳಕ್ಕಂತೂ ಬೇಕಾದದ್ದು ತುಂಬಿದ ನಾಲ್ಕು ಸಾಲುಗಳು. ಯಾರ ಕೊರಳಿನಿಂದ ಯಾವ ಸ್ವರ ಬಂತೆಂದು ಅದು ಕೇಳುವುದಿಲ್ಲ.

ಹಾಡಿನಿಂದ ಕಾನೂನು ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ನೇರವಾಗಿ ಬದಲಾಗುತ್ತದೆಂದು ನಾನು ಹೇಳಲಾರೆ. 2014ರಲ್ಲಿ ಡಬ್ಲಿನ್‌ನಲ್ಲಿ ಉತ್ಸವ ನಡೆದಾಗ, ಸಲಿಂಗ ಸಂಬಂಧ ಅಲ್ಲಿ ಅಪರಾಧವಲ್ಲವೆಂದಾಗಿ 21 ವರ್ಷವಷ್ಟೇ ಆಗಿತ್ತು. ಮರುವರ್ಷ, 2015ರ ಮೇ 22ರಂದು, ಐರ್ಲೆಂಡ್ ಜನಮತ ಗಣನೆಯಲ್ಲಿ ಶೇಕಡಾ 62ರಷ್ಟು ಮತಗಳಿಂದ ಸಲಿಂಗ ವಿವಾಹವನ್ನು ಒಪ್ಪಿತು. ಒಂದರಿಂದ ಇನ್ನೊಂದು ಆಯಿತೆನ್ನುವುದು ಉತ್ಪ್ರೇಕ್ಷೆ. ಆದರೆ ಮತ ಹಾಕುವ ಮುನ್ನ ಆ ಊರಿನವರು ತಮ್ಮದೇ ಸಭಾಂಗಣಗಳಲ್ಲಿ ಈ ಜನರನ್ನು ಕಂಡಿದ್ದರು, ಕೇಳಿದ್ದರು.

ನಮ್ಮ ದೇಶದ ಒಂದು ಕೊಂಡಿಯನ್ನೂ ಇಲ್ಲಿ ಹೇಳಬೇಕು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದ ಮರುವರ್ಷ ಮುಂಬೈನಲ್ಲಿ ‘ರೇನ್‌ಬೋ ವಾಯ್ಸಸ್ ಮುಂಬೈ’ ಎಂಬ ವೃಂದ ಹುಟ್ಟಿತು. 2018ರ ಜನವರಿಯಲ್ಲಿ ಲಂಡನ್ನಿನ ಪಿಂಕ್ ಸಿಂಗರ್ಸ್ ಮುಂಬೈಗೆ ಬಂದು ಅವರೊಂದಿಗೆ ಒಂದೇ ವೇದಿಕೆಯಲ್ಲಿ ಹಾಡಿದರು. ಆ ಕಾನೂನನ್ನು ನ್ಯಾಯಾಲಯ ಬದಿಗೆ ಸರಿಸಿದ್ದು ಅದೇ ವರ್ಷದ ಸೆಪ್ಟೆಂಬರ್ 6ರಂದು. ಹಾಡಿದ ಸಂಜೆ, ಆ ವೇದಿಕೆಯ ಮೇಲಿದ್ದವರಲ್ಲಿ ಎಷ್ಟೋ ಮಂದಿಯ ಪ್ರೀತಿ ಈ ನೆಲದ ಕಾನೂನಿನ ಕಣ್ಣಿನಲ್ಲಿ ಇನ್ನೂ ಅಪರಾಧವಾಗಿಯೇ ಇತ್ತು.