ನಿಮ್ಮಲ್ಲಿ ಎಷ್ಟು ಸೆಂಟು?

ಕೇಳುಗರಿಗೆ ನಮಸ್ಕಾರ. ಇದು 2021ರ ಮೇ ತಿಂಗಳಲ್ಲಿ, ಎರಡನೇ ಲಾಕ್‌ಡೌನಿನ ನಡುವೆ ಆಡಿದ ಮಾತು.

ಕೊಡಗಿನ ತೋಟದ ಮನೆಗಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂದರೆ, ಎತ್ತಿದವರು ‘ಹಲೋ’ ಅನ್ನುವ ಮೊದಲೇ ಆ ಕಡೆಯಿಂದ ಪ್ರಶ್ನೆ ಬರುತ್ತದೆ: ‘ನಿಮ್ಮಲ್ಲಿ ಎಷ್ಟು ಸೆಂಟು?’ ಮಳೆಯ ಲೆಕ್ಕ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಕಾಫಿ ತೋಟಗಳು ಇಂಚನ್ನು ಬಿಟ್ಟಿಲ್ಲ. ನೂರು ಸೆಂಟು ಸೇರಿದರೆ ಒಂದಿಂಚು.

ಮಳೆ ಅಳೆಯುವುದು ಎರಡು ನಿಮಿಷದ ಕೆಲಸ. ಅಂಗಳದ ಮಾಪಕದಿಂದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಬೇಕು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು, ಡೈರಿಯಲ್ಲಿ ಬರೆದಿಡಬೇಕು. ಮೊದಲೆಲ್ಲ ಇದು ಮನೆಯ ಯಜಮಾನರ ಪಾಲಿನ ಕೆಲಸವಾಗಿತ್ತು, ನಮಗೆ ಅದರ ಗೊಡವೆ ಇರಲಿಲ್ಲ. ಲಾಕ್‌ಡೌನ್ ಬಂದ ಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಮೂವರ ಪೈಪೋಟಿ. ಆಮೇಲೆ ಫೋನು. ಭಾಗಮಂಡಲದವರ ಮುಂದೆ ಯಾರೂ ಗೆಲ್ಲುವುದಿಲ್ಲ, ಅಲ್ಲಿ ವರ್ಷಕ್ಕೆ ಇನ್ನೂರು ಇಂಚು ದಾಟುತ್ತದೆ. ಕುಶಾಲನಗರದ ನೆಂಟರು ‘ನಮ್ಮಲ್ಲಿ ಧೂಳು ಅಡಗಿದೆ, ಅಷ್ಟೇ’ ಎನ್ನುತ್ತಾರೆ. ಕಳೆದ ವಾರ ತೌಕ್ತೆ ಚಂಡಮಾರುತ ಬಂದಾಗ ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು. ಎಲ್ಲರಿಗೂ ಇದ್ದ ದೊಡ್ಡ ಚಡಪಡಿಕೆ ಒಂದೇ: ಅಷ್ಟೊಂದು ಸೆಂಟು ಬಿದ್ದಿದೆ, ಹೇಳುವುದು ಯಾರಿಗೆ?

ಕಳೆದ ವರ್ಷ, 2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿದಾಗ ಇಲ್ಲಿ ಹೂಮಳೆಯ ಕಾಲ. ಸರಿಯಾದ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಕಾಫಿ ಗಿಡದ ರೆಂಬೆರೆಂಬೆಗೂ ಬಿಳಿ ಹೂವು, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಎರಡು ಮೂರು ದಿನಕ್ಕೆ ಮುಗಿಯಿತು. ರೊಬಸ್ಟಾಕ್ಕೆ ತನ್ನದೇ ಪರಾಗ ನಾಟುವುದಿಲ್ಲ, ಬೇರೆ ಗಿಡದ್ದೇ ಬೇಕು. ಅದಕ್ಕೆ ಗಾಳಿ ಬೇಕು, ಜೇನು ಬೇಕು. ಹೂವಿನ ದಿನ ಬೆಳಿಗ್ಗೆ ತೋಟಕ್ಕೆ ಹೋದರೆ ತಲೆಯ ಮೇಲೆ ಒಂದೇ ಸಮನೆ ಝೇಂಕಾರ. ಮದುವೆಯಾಗಿ ಈ ತೋಟಕ್ಕೆ ಬಂದಂದಿನಿಂದ ನಾನು ಹೂವಿಗೆ ನೋಡುತ್ತಿದ್ದುದು ಫಸಲಿನ ಲೆಕ್ಕ ಮಾತ್ರ. ಸುಮ್ಮನೆ ನಿಂತು ಆ ಸದ್ದು ಕೇಳಿದ್ದು ಆಗಲೇ, ಹೋಗಲು ಬೇರೆ ಎಲ್ಲೂ ಇಲ್ಲದಾಗ.

ಈ ವರ್ಷ ಮೇ 10ರಿಂದ ನಮ್ಮ ರಾಜ್ಯ ಮತ್ತೆ ಬಾಗಿಲು ಹಾಕಿದೆ. ಮೊಬೈಲಿಗೆ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ‘ಖುಷಿಯಾಗಿರಿ’ ಎಂಬ ಅಪ್ಪಣೆ ಬರುತ್ತದೆ. ನನಗೆ ಅದನ್ನು ಕಂಡರಾಗದು. ಈ ಸಲ ನಮ್ಮ ಸುತ್ತಮುತ್ತ ಸಾವುಗಳಾಗಿವೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಪದ್ಧತಿ. ಎರಡನೆಯ ಸದ್ದು ಕೇಳಿದೊಡನೆ ಕೈಕೆಲಸ ಬಿಟ್ಟು ಹೊರಡುತ್ತಿದ್ದ ಊರು ಇದು. ಈಗ ಸದ್ದು ಕೇಳಿ ಅಂಗಳದಲ್ಲೇ ನಿಂತುಬಿಡುತ್ತೇವೆ. ಅಂಥ ದಿನ ಖುಷಿಯಾಗಿರಿ ಎಂದು ಯಾರೂ ಯಾರಿಗೂ ಹೇಳಬಾರದು.

ಆದರೆ ನಮ್ಮ ಅತ್ತೆಯನ್ನು ನೋಡಿ ನನಗೊಂದು ವಿಷಯ ಹೊಳೆಯಿತು. ಎಂಬತ್ತು ದಾಟಿದವರು. ಮೊದಲ ಲಾಕ್‌ಡೌನಿಗೆ ನಾವೆಲ್ಲ ಗಾಬರಿಬಿದ್ದಾಗ ಅವರು, ‘ಇದೇನು, ಮಳೆಯಿಲ್ಲದ ಆಟಿ ತಿಂಗಳು! ಕರೆಂಟೂ ಇದೆ’ ಅಂದರು. ಆಟಿ ಎಂದರೆ ಇಲ್ಲಿ ಜಡಿಮಳೆಯ ತಿಂಗಳು. ಅವರ ಕಾಲದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಯೊಳಗೇ ವಾಸ. ರಸ್ತೆಗೆ ಮರ ಬಿದ್ದರೆ ಪೇಟೆಯಿಲ್ಲ, ಹೊಳೆ ಏರಿದರೆ ನೆಂಟರಿಲ್ಲ. ಹಾಗಾಗಿ ಮೇ ತಿಂಗಳೆಂದರೆ ಕೂಡಿಡುವ ತಿಂಗಳು. ಕೊಟ್ಟಿಗೆಯ ಅಟ್ಟ ತುಂಬ ಸೌದೆ, ಭರಣಿಯಲ್ಲಿ ಉಪ್ಪು ಹಾಕಿದ ಕಾಡುಮಾವು, ಒಲೆಯ ಮೇಲೆ ತೂಗುವ ಒಣಮೀನು, ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿ. ಒಳಗೆ ಕೂರುವುದಕ್ಕೂ ಒಂದು ತಯಾರಿ ಇತ್ತು. ನಾವು ಪೇಟೆಯನ್ನು ನಂಬಿ ಅದನ್ನು ಮರೆತಿದ್ದೆವು.

ಈ ತಿಂಗಳು ಅತ್ತೆಯ ಹುಕುಂ ಪ್ರಕಾರ ಹಲಸಿನ ಹಪ್ಪಳ. ಬಲಿತ ಕಾಯಿ ಬೇಕು, ಹಣ್ಣಿಗೆ ತಿರುಗಿರಬಾರದು. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಗುದ್ದಬೇಕು. ತಣಿದರೆ ಗಂಟು ಉಳಿಯುತ್ತದೆ. ಉಪ್ಪು, ಮೆಣಸು, ಜೀರಿಗೆ. ಆಮೇಲೆ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು. ಬೆಂಗಳೂರಿನ ಕಚೇರಿಯ ಕೆಲಸ ಹೊತ್ತು ಮನೆಗೆ ಬಂದಿರುವ ಮಗ, ನೆಟ್‌ವರ್ಕ್ ಸಿಗುವ ಒಂದೇ ಜಾಗ ಒಣಗುಕಣದ ಮೂಲೆ ಎಂದು ಅಲ್ಲೇ ಕುರ್ಚಿ ಹಾಕಿಕೊಂಡಿದ್ದಾನೆ. ಚಾಪೆಯ ಮೇಲೆ ಹಪ್ಪಳವೂ ಅಲ್ಲೇ. ಕಿವಿಗೆ ಮೀಟಿಂಗು, ಕೈಗೆ ಕಾಗೆ ಓಡಿಸುವ ಕೋಲು. ಒಂದು ದಿನ ಮೈಕು ಆರಿಸಲು ಮರೆತು ಇಡೀ ಕಚೇರಿಗೆ ‘ಹುಶ್! ಹೋಗಾಚೆ!’ ಎಂದು ಕೂಗಿದ. ಆ ಕಡೆ ಮಾತಾಡುತ್ತಿದ್ದವರು ಅವನ ಮೇಲಧಿಕಾರಿಯಂತೆ. ಅತ್ತೆಗೆ ಅದನ್ನು ದಿನಕ್ಕೊಮ್ಮೆ ಮತ್ತೆ ಹೇಳಿಸಿಕೊಂಡು ನಗದಿದ್ದರೆ ಊಟ ಸೇರುವುದಿಲ್ಲ.

ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದದ್ದು. 2018ರ ಭೂಕುಸಿತದ ದುಃಖದಲ್ಲಿ 2019ಕ್ಕೆ ನಿಂತಿತು, ಆಮೇಲೆ ಕೊರೊನಾ. ಪಕ್ಕದ ಮನೆಯ ಹುಡುಗಿ ತಮ್ಮನ ಜೊತೆ ಅಂಗಳದಲ್ಲೇ ಪಂದ್ಯ ನಡೆಸುತ್ತಾಳೆ, ವೀಕ್ಷಕ ವಿವರಣೆಯೂ ಅವಳದೇ. ಬೇಲಿಯ ಈಚೆಗಿನ ನಮಗೆ ಚೆಂಡು ಕಾಣದು, ಪಂದ್ಯ ಪೂರ್ತಿ ಕೇಳಿಸುತ್ತದೆ.

ಇಷ್ಟೆಲ್ಲ ಹೇಳುವಾಗ ತೋಟದ ಕೆಲಸಗಾರರ ಲೈನ್ ಮನೆಗಳ ನೆನಪಾಗಿ ನಾಲಿಗೆ ಕೊಂಚ ತಡವರಿಸುತ್ತದೆ. ಒಂದು ಕೋಣೆ, ಒಂದು ಅಡುಗೆಮನೆ, ಐದಾರು ಜನ. ನನ್ನ ಬಿಡುವು ಅವರದಲ್ಲ. ನಮ್ಮಲ್ಲಿ ದುಡಿಯುವ ಅಸ್ಸಾಮಿನ ದಂಪತಿ ಎರಡು ವರ್ಷದಿಂದ ಊರು ಕಂಡಿಲ್ಲ. ಕಳೆದ ಮಳೆಗಾಲ ತೋಟದ ಅಂಚಿನ ಬಿದಿರು ಮೆಳೆಯಲ್ಲಿ ಕಣಿಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಎದ್ದಾಗ ಆಕೆ ಒಂದನ್ನು ಕೇಳಿ ಪಡೆದಳು. ನಾವು ಕಣಿಲೆಯನ್ನು ಹೆಚ್ಚಿ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ ಕಹಿ ಕಳೆಯುತ್ತೇವೆ. ಆಕೆ ತುರಿದು ಬಾಟಲಿಗೆ ಒತ್ತಿ ತುಂಬಿ, ಹುಳಿ ಬರಲೆಂದೇ ಬಿಟ್ಟಳು. ಅವರ ಕಡೆ ಅದು ಖೊರಿಸಾ. ಅತ್ತೆ ವಾಸನೆಗೆ ಮೂಗು ಮುಚ್ಚಿಕೊಂಡರು. ಮೂರನೆಯ ದಿನ ಮೀನು ಸಾರಿಗೆ ಒಂದು ಚಮಚ ಬಿದ್ದಿತ್ತು, ಯಾರು ಹಾಕಿದರೆಂದು ಕೇಳಿದರೆ ಅತ್ತೆ ಕಿವಿ ಕೇಳದವರಂತೆ ಕೂತರು. ಈಗ ಹಪ್ಪಳದ ಮೊದಲ ಕಟ್ಟು ಲೈನ್ ಮನೆಗೆ ಹೋಗಿದೆ, ಆ ಹಳೆಯ ಬಾಟಲಿಯನ್ನು ತೊಳೆದು ಒಣಗಿಸಿಟ್ಟಿದ್ದೇವೆ. ಹೊಸ ಕಣಿಲೆ ಏಳಲು ಜುಲೈ ಬರಬೇಕು.

ನಮಸ್ಕಾರ.